ಒಂಟಾರಿಯೊದಲ್ಲಿ ಅಧಿಕಾರ ಯಾರ ಕೈಲಿದೆ?

ಕೆನಡಾಕ್ಕೆ ಹೋಗುವವರಿಗೆ ವೀಸಾ ಕೊಡುವುದು ಒಟ್ಟಾವಾದಲ್ಲಿರುವ ಕೇಂದ್ರ ಸರ್ಕಾರ. ಟೊರಾಂಟೊದಲ್ಲಿ ಮನೆ ಹಿಡಿದ ಮೇಲೆ ಹೆಚ್ಚಾಗಿ ಎದುರಾಗುವುದು ಒಂಟಾರಿಯೊ ಪ್ರಾಂತ್ಯದ ಸರ್ಕಾರವೇ. ಹೆಲ್ತ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಮಕ್ಕಳ ಪಠ್ಯಕ್ರಮ, ಬಾಡಿಗೆ ಕಾನೂನು ಎಲ್ಲವೂ ಅದರ ಪಾಲಿನವು. ಆಸ್ಪತ್ರೆ, ಶಿಕ್ಷಣ, ಆಸ್ತಿಯ ವಿಷಯಗಳನ್ನು 1867ರ ಸಂವಿಧಾನ ಕಾಯ್ದೆಯೇ ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟಿದೆ. ನಮ್ಮ ರಾಷ್ಟ್ರಪತಿ ಆಳ್ವಿಕೆಯಂಥ ಏರ್ಪಾಡು ಅಲ್ಲಿಲ್ಲ. ಪ್ರಾಂತ್ಯದ ಕಾಯ್ದೆಯನ್ನು ರದ್ದುಪಡಿಸುವ ಅಧಿಕಾರ ಕೇಂದ್ರಕ್ಕೆ ಕಾಗದದಲ್ಲಿ ಇನ್ನೂ ಇದೆ. 1943ರ ನಂತರ ಯಾರೂ ಅದನ್ನು ಬಳಸಿಲ್ಲ.

ಟೊರಾಂಟೊದ ಕ್ವೀನ್ಸ್ ಪಾರ್ಕ್‌ನಲ್ಲಿರುವ ಒಂಟಾರಿಯೊ ಶಾಸನಸಭೆಗೆ 124 ಸದಸ್ಯರು. ಮೇಲ್ಮನೆ ಇಲ್ಲ, ಯಾವ ಪ್ರಾಂತ್ಯದಲ್ಲೂ ಈಗ ಇಲ್ಲ, ಕಡೆಯದಾಗಿ ಕ್ವಿಬೆಕ್ 1968ರಲ್ಲಿ ಕೈಬಿಟ್ಟಿತು. ಸಭೆಯ ವಿಶ್ವಾಸವಿರುವ ನಾಯಕರೇ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ. ಮಂತ್ರಿಗಳನ್ನು ಆರಿಸುವುದು, ಬದಲಿಸುವುದು ಅವರದೇ ತೀರ್ಮಾನ. ಇಲಾಖೆಯ ದಿನದಿನದ ಆಡಳಿತ ನೋಡುವ ಡೆಪ್ಯುಟಿ ಮಿನಿಸ್ಟರ್ ಚುನಾಯಿತರಲ್ಲ, ನಮ್ಮ ಇಲಾಖಾ ಕಾರ್ಯದರ್ಶಿಗಳಂತೆ ಅಧಿಕಾರಿ.

ಮಸೂದೆಗೆ ಅಂಕಿತ ಹಾಕುವವರು ರಾಜನ ಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್. ಇವರನ್ನು ನೇಮಿಸುವುದು ಪ್ರಧಾನಿಯ ಸಲಹೆಯಂತೆ ಗವರ್ನರ್ ಜನರಲ್. ಹುದ್ದೆ ಬಹುಮಟ್ಟಿಗೆ ಔಪಚಾರಿಕ, ಆದರೆ ಪೂರ್ತಿ ಅಲ್ಲ. 2017ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ವಿಶ್ವಾಸಮತ ಸೋತ ಪ್ರೀಮಿಯರ್ ಕ್ರಿಸ್ಟಿ ಕ್ಲಾರ್ಕ್ ಮರುಚುನಾವಣೆ ಕೇಳಿದರು. ಲೆಫ್ಟಿನೆಂಟ್ ಗವರ್ನರ್ ಜುಡಿತ್ ಗಿಷಾನ್ ಒಪ್ಪದೆ, ವಿರೋಧಪಕ್ಷದ ಜಾನ್ ಹೋರ್ಗನ್ ಅವರನ್ನು ಸರ್ಕಾರ ರಚಿಸಲು ಕರೆದರು.

ಒಂದೇ ಸದನ, ಅದರಲ್ಲಿ ಬಹುಮತ, ಮೇಲಿನಿಂದ ಯಾರ ಕೈಯೂ ಇಲ್ಲ. ಇಷ್ಟೂ ಸೇರಿದಾಗ ಪ್ರೀಮಿಯರ್ ಎಷ್ಟು ಬಲಶಾಲಿ ಎಂಬುದು ನಗರಗಳಿಗೆ ಚೆನ್ನಾಗಿ ಗೊತ್ತು. 2018ರಲ್ಲಿ ಟೊರಾಂಟೊ ನಗರಸಭೆಯ ಚುನಾವಣಾ ಪ್ರಚಾರ ನಡೆದಿರುವಾಗಲೇ ಪ್ರೀಮಿಯರ್ ಡಗ್ ಫೋರ್ಡ್ ಸರ್ಕಾರ ವಾರ್ಡುಗಳನ್ನು 47ರಿಂದ 25ಕ್ಕೆ ಇಳಿಸಿತು. ಮತ ಕೇಳಲು ಹೊರಟಿದ್ದ ಅಭ್ಯರ್ಥಿಗಳ ಕ್ಷೇತ್ರಗಳೇ ಮಾಯವಾದವು. ನಡುದಾರಿಯಲ್ಲಿ ನಿಯಮ ಬದಲಿಸಿದ್ದು ಮತದಾರರಿಗೆ ಮಾಡಿದ ಅನ್ಯಾಯವೆಂದೇ ನಾನು ತಿಳಿಯುತ್ತೇನೆ. ನಗರ ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಪ್ರಾಂತ್ಯದ ಪರ ತೀರ್ಪಿತ್ತಿತು: ಕೆನಡಾದ ಸಂವಿಧಾನದಲ್ಲಿ ನಗರಸಭೆಗಳಿಗೆ ತಮ್ಮದೇ ಸ್ಥಾನವಿಲ್ಲ, ಅವುಗಳ ಅಧಿಕಾರವೆಲ್ಲ ಪ್ರಾಂತ್ಯದ ಕಾಯ್ದೆಯಿಂದ ಬಂದದ್ದು. ಟೊರಾಂಟೊದಲ್ಲಿ ಇಂದಿಗೂ ಇರುವುದು 25 ವಾರ್ಡುಗಳೇ.