ಅಠಾರ ಕಚೇರಿ

ನಮ್ಮ ಸರ್ಜಾಪುರದ ಸೀಮೆಯಲ್ಲಿ ಭೂಮಿಯ ಬೆಲೆ ಏರಿದಂತೆಲ್ಲ ವ್ಯಾಜ್ಯಗಳೂ ಏರಿವೆ. ಅವು ಕೆಳಗಣ ನ್ಯಾಯಸ್ಥಾನಗಳಲ್ಲಿ ತೀರದೆ ಹೋದರೆ ಕೊನೆಗೆ ಬೆಂಗಳೂರಿನ ಉಚ್ಚ ನ್ಯಾಯಾಲಯವನ್ನು ಸೇರುವುವು. ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಆ ಕೆಂಪು ಸೌಧವು ತಾನೇ ಒಮ್ಮೆ ವ್ಯಾಜ್ಯಕ್ಕೆ ವಸ್ತುವಾಗಿದ್ದಿತೆಂಬುದು ಅನೇಕ ವಾಚಕರಿಗೆ ತಿಳಿದಿರಲಾರದು.

ಇದರ ಹೆಸರು ಕಟ್ಟಡಕ್ಕಿಂತ ಹಳೆಯದು. ೧೬೭೩ರಿಂದ ೧೭೦೪ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ರಾಜ್ಯಾಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರು. ಅವೇ ಅಠಾರ ಕಚೇರಿಗಳು. ‘ಅಠಾರ’ ಎಂಬುದು ಹಿಂದೂಸ್ತಾನಿಯ ಮಾತಾದರೂ ಅದರ ಮೂಲವು ಸಂಸ್ಕೃತದ ‘ಅಷ್ಟಾದಶ’. ‘ದೃಷ್ಟಿ’ಯು ‘ದಿಟ್ಟಿ’ಯಾದ ಬಗೆಯಲ್ಲಿಯೇ ಇಲ್ಲಿಯೂ ಷಕಾರವು ಅಳಿದಿದೆ. ಜನರ ಬಾಯಲ್ಲಿ ಇದು ‘ಅಟ್ಟಾರ’ ಎಂದಾಗಿರುವುದನ್ನು ನಾವು ತಪ್ಪೆನ್ನಲಾರೆವು.

೧೮೩೧ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ತರುವಾಯ ಈ ಕಚೇರಿಗಳು ಬೆಂಗಳೂರಿಗೆ ಬಂದು, ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದುವು. ಬೌರಿಂಗ್ ಎಂಬವರು ಕಮಿಷನರಾಗಿದ್ದಾಗ, ೧೮೬೪ರಲ್ಲಿ, ಹೊಸ ಕಟ್ಟಡದ ಕೆಲಸವು ಆರಂಭವಾಗಿ ೧೮೬೮ರಲ್ಲಿ ಮುಗಿಯಿತು. ನಕ್ಷೆಯು ಇಂಜಿನಿಯರು ಸ್ಯಾಂಕಿಯವರದು; ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಕಲ್ಲು ಇಟ್ಟಿಗೆಗಳ ಎರಡಂತಸ್ತಿನ ಈ ನೀಳವಾದ ಸೌಧಕ್ಕೆ ಯವನ ದೇಶದ ದೇವಾಲಯಗಳ ಮಾದರಿಯ ಮುಖಮಂಟಪಗಳಿವೆ. ಕಂಬಗಳ ಮೈಯಲ್ಲಿ ಉದ್ದುದ್ದನೆಯ ಗೀರುಗಳು. ತಲೆಯಲ್ಲಿ ಟಗರಿನ ಕೊಂಬಿನಂತೆ ಇಬ್ಬದಿಗೂ ಸುತ್ತಿಕೊಂಡ ಸುರುಳಿಗಳು. ನಡುವಣ ಸಭಾಂಗಣದ ಒಳಮಾಳಿಗೆಯಲ್ಲಿ ಮಾರ್ಕ್ ಕಬ್ಬನ್ನರ ಚಿತ್ರವಿದೆ. ಹೊರಗಿದ್ದ ಅವರ ಅಶ್ವಾರೂಢ ಪ್ರತಿಮೆಯನ್ನಾದರೋ ೨೦೨೦ರಲ್ಲಿ ರಾಜಭವನಕ್ಕೆ ಸಾಗಿಸಿದರು.

೧೮೮೪ರಲ್ಲಿ ಸ್ಥಾಪಿತವಾದ ಮೈಸೂರಿನ ಚೀಫ್ ಕೋರ್ಟು ೧೯೩೦ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ೧೯೫೬ರಲ್ಲಿ ಎದುರಿಗೆ ವಿಧಾನಸೌಧವು ಸಿದ್ಧವಾಗಿ ಸರ್ಕಾರದ ಕಾರ್ಯಾಲಯಗಳು ಅಲ್ಲಿಗೆ ಹೋದುವು. ಹಳೆಯ ಮನೆಯು ನ್ಯಾಯಾಲಯದ ಪಾಲಾಯಿತು.

ಆದರೆ ಮೊಕದ್ದಮೆಗಳು ಹೆಚ್ಚಿದಂತೆ ಸ್ಥಳವು ಸಾಲದಾಯಿತು. ೧೯೮೦ರ ದಶಕದ ಮೊದಲ ಭಾಗದಲ್ಲಿ ಇದನ್ನು ಕೆಡವಿ ಬೇರೊಂದನ್ನು ಕಟ್ಟುವುದೆಂದು ಸರ್ಕಾರವು ಒಪ್ಪಿಗೆ ಕೊಟ್ಟಿತು. ಆಗ ನಗರದ ಕೆಲವು ಮಹನೀಯರು ಸಾರ್ವಜನಿಕ ಹಿತದ ಹೆಸರಿನಲ್ಲಿ ಅರ್ಜಿಯನ್ನು ಸಲ್ಲಿಸಿದರು. ಅಂತಹ ಅರ್ಜಿಗಳು ಈ ನಾಡಿನಲ್ಲಿ ಆಗತಾನೇ ಹೊಸವು. ವಿಚಾರಣೆ ನಡೆದುದು ಇದೇ ಕಟ್ಟಡದಲ್ಲಿ! ತಾನಿರಬೇಕೇ ಅಳಿಯಬೇಕೇ ಎಂಬ ವಾದವನ್ನು ಈ ಗೋಡೆಗಳೇ ಕೇಳಿದುವು. ಅರ್ಜಿದಾರರಿಗೆ ಇದರಲ್ಲಿ ಒಂದಡಿ ನೆಲವೂ ಸ್ವಂತವಾಗಿರಲಿಲ್ಲ. ಗಜ ಭೂಮಿಗಾಗಿ ದಾಯಾದಿಗಳೊಡನೆ ಕಾದಾಡುವ ನಾವು ಇದನ್ನು ಗಮನಿಸತಕ್ಕುದು. ಕೆಡಹುವ ಯೋಚನೆಯು ಅಲ್ಲಿಗೆ ನಿಂತಿತು. ಬೇಕಾದ ಸ್ಥಳವನ್ನು ಹಿಂಭಾಗದಲ್ಲಿ ಹೊಸದಾಗಿ ಕಟ್ಟಿ ಸೇರಿಸಿಕೊಂಡರು.