ಚಳಿನಾಡಿನ ಹಳೆಯ ಕಾರು ಮತ್ತು ಹೀಟರ್ ಕೋರ್

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದ ಮಿಷಿಗನ್, ಮಿನೆಸೋಟಗಳಂತಹ ಚಳಿಯ ಪ್ರಾಂತಗಳಲ್ಲಿ ವಿದ್ಯೆ, ಉದ್ಯೋಗಗಳ ನಿಮಿತ್ತ ನೆಲೆಸಿದ್ದಾರೆ. ಹೋದ ಹೊಸದರಲ್ಲಿ ಹಲವರು ಕೊಳ್ಳುವುದು ಹಳೆಯ ಕಾರನ್ನೇ. ಬ್ರೇಕು, ಟೈರುಗಳನ್ನು ಪರೀಕ್ಷಿಸುವ ಎಚ್ಚರ ಎಲ್ಲರಿಗೂ ಉಂಟು. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಹೀಟರ್ ಕೋರ್ ಎಂಬ ಭಾಗದ ಕಡೆಗೆ ಲಕ್ಷ್ಯ ಹೋಗುವುದು ಅಪರೂಪ. ಕಲಬುರಗಿ, ಬಳ್ಳಾರಿಗಳ ಬಿಸಿಲಿನಲ್ಲಿ ಬೆಳೆದವರಿಗೆ ಕಾರಿನೊಳಗೆ ಬಿಸಿಗಾಳಿ ಏಕೆ ಬೇಕೆಂಬ ಯೋಚನೆಯೇ ಬಂದಿರುವುದಿಲ್ಲವಷ್ಟೆ!

ಹೀಟರ್ ಕೋರ್ ಎಂಬುದು ಒಂದು ಚಿಕ್ಕ ರೇಡಿಯೇಟರು. ಎಂಜಿನ್ನಿನಲ್ಲಿ ಕಾದ ಕೂಲೆಂಟ್ ದ್ರವವು ಎರಡು ರಬ್ಬರು ಕೊಳವೆಗಳ ಮೂಲಕ ಅದರೊಳಗೆ ಹರಿದು ಮರಳುತ್ತದೆ. ಅದರ ಮೇಲೆ ಹಾಯ್ದುಬರುವ ಫ್ಯಾನಿನ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು, ಮುಂಗಾಜಿನ ಮಂಜನ್ನು ಕರಗಿಸುವುದು. ಕೂಲೆಂಟನ್ನು ವರ್ಷಗಟ್ಟಲೆ ಬದಲಿಸದಿದ್ದರೆ ತುಕ್ಕನ್ನು ತಡೆಯುವ ಅದರ ಗುಣ ಕುಂದಿ, ಕೋರ್ ಒಳಗಿನಿಂದ ಸವೆದು ಸೋರತೊಡಗುತ್ತದೆ. ಇಲ್ಲವೆ ಕಸರು ಕಟ್ಟಿ ಮುಚ್ಚಿಹೋಗುತ್ತದೆ.

ಕಾರಿನೊಳಗೆ ಬೆಲ್ಲದ ಪಾಕದಂತಹ ಸಿಹಿ ವಾಸನೆ, ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡು, ಮುಂಭಾಗದ ಹಾಸಿನಲ್ಲಿ ತೇವ, ಕೂಲೆಂಟಿನ ಮಟ್ಟ ತಾನಾಗಿ ಇಳಿಯುವುದು, ಇವು ಸೋರಿಕೆಯ ಕುರುಹುಗಳು. ಹಾಸು ಒದ್ದೆಯಾದ ಮಾತ್ರಕ್ಕೆ ಗಾಬರಿ ಬೇಡ. ಏಸಿಯ ನೀರು ಹೊರಹೋಗುವ ನಳಿಗೆ ಕಟ್ಟಿಕೊಂಡರೂ ಹಾಗಾಗುವುದುಂಟು. ಆದರೆ ಆ ನೀರಿಗೆ ಅಂಟಾಗಲಿ ಸಿಹಿ ವಾಸನೆಯಾಗಲಿ ಇರದು. ಸೋರಿಕೆಯಿಲ್ಲದೆ ಬಿಸಿಗಾಳಿಯಷ್ಟೇ ನಿಂತಿದ್ದರೆ ಥರ್ಮೋಸ್ಟಾಟನ್ನೂ ಕೂಲೆಂಟಿನ ಮಟ್ಟವನ್ನೂ ಮೊದಲು ನೋಡಿಸತಕ್ಕದ್ದು. ಕೋರ್ ಕಟ್ಟಿಕೊಂಡಿದ್ದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆದಾಗ ಕೆಲವೊಮ್ಮೆ ಸರಿಹೋಗುವುದು.

ಮಕ್ಕಳಿರುವ ಮನೆಯವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಬಹುತೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಹೊಟ್ಟೆ ಸೇರಿದರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾದೀತು. ಅಮೆರಿಕದ ತಯಾರಕರು ಇದಕ್ಕೆ ಕಹಿ ಬೆರೆಸಲು 2012ರಲ್ಲಿ ಒಪ್ಪಿದರು. ಆದರೂ ಕಹಿಯನ್ನು ನಂಬಿ ಮೈಮರೆಯುವುದು ಸಲ್ಲದು. ಕೂಸು ಒದ್ದೆ ಹಾಸನ್ನು ಮುಟ್ಟಿ ಬೆರಳು ಚೀಪುವುದು ಎಷ್ಟು ಹೊತ್ತಿನ ಕೆಲಸ? ಮಗು ಕೂಲೆಂಟನ್ನು ನುಂಗಿದ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಸೋರುವ ಕೋರನ್ನು ಬದಲಿಸುವುದೇ ಸರಿಯಾದ ಪರಿಹಾರವೆಂದು ನಮ್ಮ ಅಭಿಮತ. ಸೋರಿಕೆ ಮುಚ್ಚುವ ಪುಡಿಗಳು ಒಳ್ಳೆಯ ದಾರಿಗಳನ್ನೂ ಕಟ್ಟಿಬಿಡಬಹುದು. ಎರಡು ಕೊಳವೆಗಳನ್ನು ನೇರವಾಗಿ ಜೋಡಿಸಿ ಕೋರನ್ನು ತಪ್ಪಿಸುವುದು ಬೇಸಿಗೆಯಲ್ಲಿ ನಾಲ್ಕು ದಿನದ ಮಾತು. ಹಿಮ ಬೀಳುವಾಗ ಮುಂಗಾಜು ಮಸುಕಾಗಿ ದಾರಿಯೇ ಕಾಣದಾದೀತು.

ಬಿಡಿಭಾಗ ಅಗ್ಗ, ಶ್ರಮ ದುಬಾರಿ. 1984ರಿಂದ 2001ರವರೆಗೆ ಅಮೆರಿಕದಲ್ಲಿ ಮಾರಾಟವಾದ ಜೀಪ್ ಚೆರೋಕಿಯಲ್ಲಿ ಕೋರನ್ನು ತಲುಪಲು ಡ್ಯಾಶ್‌ಬೋರ್ಡನ್ನೇ ಕಳಚಿ ಸರಿಸಬೇಕು. ಏಸಿಯ ಭಾಗವೂ ಅದೇ ಪೆಟ್ಟಿಗೆಯಲ್ಲಿರುವುದರಿಂದ ಅದರ ಅನಿಲವನ್ನು ಪರವಾನಗಿಯುಳ್ಳವರಿಂದ ಮೊದಲೇ ತೆಗೆಸಬೇಕು. ಗಾಳಿಗೆ ಬಿಡುವುದು ಅಲ್ಲಿ ಅಪರಾಧ. ಎಂಜಿನ್ ಪೂರ್ತಿ ತಣಿದ ಮೇಲೆಯೇ ಕೂಲೆಂಟನ್ನು ಇಳಿಸತಕ್ಕದ್ದು. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ ಕೆಲಹೊತ್ತು ಕಾಯುವುದು ಅವಶ್ಯ. ಅಂಟಿಕೊಂಡ ಕೊಳವೆಯನ್ನು ತಿರುಚಿ ಎಳೆಯದೆ ಸೀಳಿ ತೆಗೆದರೆ ಲೋಹದ ನಳಿಗೆ ಮುರಿಯದು. ಹೊಸ ಕೋರಿನ ಜೊತೆಗೆ ಹೊಸ ಕೊಳವೆ, ಹೊಸ ಕ್ಲಾಂಪುಗಳನ್ನೇ ಹಾಕಿಸುವುದು ಲೇಸು. ಅದೇ ಕೆಲಸವನ್ನು ಎರಡನೆಯ ಸಲ ಮಾಡಿಸುವ ಮನಸ್ಸು ಯಾರಿಗಿದ್ದೀತು?

ಒಳ್ಳೆಯ ಕಾಯಕಜೀವಿಯಾದ ಮೆಕ್ಯಾನಿಕನು ಡ್ಯಾಶ್‌ಬೋರ್ಡನ್ನು ಮರಳಿ ಕೂಡಿಸುವ ಮೊದಲೇ ಸೋರಿಕೆಯನ್ನು ಪರೀಕ್ಷಿಸುತ್ತಾನೆ. ಹಾಗೆ ಮಾಡುವಿರಾ ಎಂದು ಮುಂಚಿತವಾಗಿ ಕೇಳಿಕೊಳ್ಳುವುದು ಒಳಿತು. ಕೂಲೆಂಟನ್ನೂ ಬಟ್ಟಿ ಇಳಿಸಿದ ನೀರನ್ನೂ ಸಮಸಮ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟದು. ತುಂಬಿದ ಮೇಲೆ ಹೀಟರನ್ನು ಪೂರ್ಣ ಬಿಸಿಯಲ್ಲಿಟ್ಟು ಎಂಜಿನ್ ಓಡಿಸಿ, ಒಳಗೆ ಸಿಲುಕಿದ ಗಾಳಿಯನ್ನು ಹೊರಗೆಡವಬೇಕು. ಒದ್ದೆಯಾದ ಹಾಸನ್ನು ತೆಗೆದು ತೊಳೆದು ಒಣಗಿಸುವುದನ್ನು ಮರೆಯಲಾಗದು. ಹಳೆಯ ಕೂಲೆಂಟನ್ನು ಚರಂಡಿಗೆ ಸುರಿಯದೆ, ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದಂತೆ ಡಬ್ಬಿಯಲ್ಲಿ ಮುಚ್ಚಿಟ್ಟು, ಊರಿನ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸತಕ್ಕದ್ದು.