ಕಲ್ಲಿನೊಳಗಿನ ಅವಳಿ ಹರಳುಗಳು

ಭೂಮಿಯ ಹೊರಚಿಪ್ಪಿನ ಅರ್ಧಕ್ಕಿಂತ ಹೆಚ್ಚು ಭಾಗವು ಫೆಲ್ಡ್‌ಸ್ಪಾರ್ ಎಂಬ ಖನಿಜವರ್ಗದಿಂದಲೇ ಆಗಿದೆಯಾದರೂ, ಬೆಣಚುಕಲ್ಲನ್ನೂ ಕಾಗೆಬಂಗಾರವನ್ನೂ ಕಂಡೊಡನೆ ಗುರುತಿಸಬಲ್ಲ ನಮ್ಮ ಜನರಲ್ಲಿ ಇದರ ಪರಿಚಯವುಳ್ಳವರು ವಿರಳ. ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡಿರುವ, ಸುಮಾರು 250 ಕೋಟಿ ವರ್ಷ ವಯಸ್ಸಿನ ಶಿಲೆಯ ತುಂಡೊಂದನ್ನು ಬಿಸಿಲಿಗೆ ಹಿಡಿದರೆ, ಬೂದುಬಣ್ಣದ ಬೆಣಚಿನ ನಡುವೆ ಉದ್ದನೆಯ ನಸುಗೆಂಪು ಹರಳುಗಳು ಎದ್ದು ಕಾಣುತ್ತವೆ, ಅವೇ ಫೆಲ್ಡ್‌ಸ್ಪಾರ್. ಇಂತಹ ಹರಳುಗಳಲ್ಲಿ ಕೆಲವನ್ನು ದಿಟ್ಟಿಸಿದರೆ ಒಂದು ಪಾರ್ಶ್ವವು ಥಳಥಳಿಸುತ್ತಿರುವಾಗ ಇನ್ನೊಂದು ಮಂಕಾಗಿರುವುದೂ, ಕಲ್ಲನ್ನು ತುಸು ಹೊರಳಿಸಿದೊಡನೆ ಮಂಕಾಗಿದ್ದುದು ಬೆಳಗಿ ಬೆಳಗುತ್ತಿದ್ದುದು ಮಂಕಾಗುವುದೂ ಗೋಚರವಾಗುತ್ತದೆ. ಒಂದೇ ಎಂದು ತೋರುವ ಆ ಹರಳು ವಾಸ್ತವವಾಗಿ ಯಮಳ ಸ್ಫಟಿಕ.

ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಮೂರು ದಿಕ್ಕುಗಳಲ್ಲಿಯೂ ಹೆಣೆದುಕೊಂಡ ಚೌಕಟ್ಟು, ಅದರ ತೆರಪುಗಳಲ್ಲಿ ನೆಲೆಸಿದ ಪೊಟ್ಯಾಸಿಯಂ, ಸೋಡಿಯಂ ಅಥವಾ ಕ್ಯಾಲ್ಸಿಯಂ: ಇಷ್ಟೇ ಫೆಲ್ಡ್‌ಸ್ಪಾರಿನ ಒಳರಚನೆ. ಈ ಖನಿಜವು ಮುಖ್ಯವಾಗಿ ಎರಡು ದಿಕ್ಕುಗಳಲ್ಲಿ ನುಣುಪಾಗಿ ಸೀಳುತ್ತದೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರಾದ ಆರ್ಥೋಕ್ಲೇಸಿನಲ್ಲಿ ಆ ಸೀಳುಗಳ ನಡುವಣ ಕೋನವು ನೇರ 90 ಡಿಗ್ರಿಯಾದರೆ, ಸೋಡಿಯಂ ಮತ್ತು ಕ್ಯಾಲ್ಸಿಯಂಗಳ ಪ್ಲೇಜಿಯೋಕ್ಲೇಸಿನಲ್ಲಿ ಅದು ಸುಮಾರು 86 ಡಿಗ್ರಿಗೆ ಇಳಿಯುತ್ತದೆ. ಹರಳು ಬೆಳೆಯುವಾಗ ಅದರ ಒಂದು ಭಾಗವು ಇನ್ನೊಂದರೊಡನೆ ಮನಬಂದಂತೆ ಅಂಟಿಕೊಳ್ಳದೆ, ನಿಶ್ಚಿತವಾದ ಅಕ್ಷದ ಸುತ್ತ ಅರೆಸುತ್ತು ತಿರುಗಿಯೋ ನಿಶ್ಚಿತವಾದ ತಲದಲ್ಲಿ ಪ್ರತಿಬಿಂಬಿಸಿಯೋ ಕೂಡಿಕೊಂಡರೆ ಅದನ್ನು ಯಮಳತ್ವವೆನ್ನುವರು.

ಈ ಕೂಟದ ನಿಯಮಗಳಿಗೆ ಯೂರೋಪಿನ ಊರುಗಳ ಹೆಸರುಗಳು ಅಂಟಿಕೊಂಡಿವೆ. ಬಿಸಿನೀರಿನ ಬುಗ್ಗೆಗಳಿಗೆ ಪ್ರಸಿದ್ಧವಾದ ಬೊಹೀಮಿಯದ ಕಾರ್ಲ್ಸ್‌ಬಾಡ್, ಎಂದರೆ ಇಂದಿನ ಚೆಕ್ ದೇಶದ ಕಾರ್ಲೋವಿ ವಾರಿ, ಇವುಗಳಲ್ಲಿ ಮೊದಲನೆಯದು. ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತಿದ್ದ ಜರ್ಮನ್ ಮಹಾಕವಿ ಗಯಟೆಯು ಆ ಸೀಮೆಯ ಶಿಲೆಗಳನ್ನು ಆಸಕ್ತಿಯಿಂದ ಸಂಗ್ರಹಿಸಿದವನು. ಕಾರ್ಲ್ಸ್‌ಬಾಡ್ ಯಮಳದಲ್ಲಿ ಎರಡು ಹರಳುಗಳು ಲಂಬಾಕ್ಷದ ಸುತ್ತ 180 ಡಿಗ್ರಿ ತಿರುಗಿ ಒಂದನ್ನೊಂದು ಹೊಕ್ಕಿರುವುದರಿಂದ, ಅವುಗಳ ಮುಖ್ಯವಾದ ಸೀಳುತಲಗಳು ವಿರುದ್ಧ ದಿಕ್ಕುಗಳಿಗೆ ವಾಲಿರುತ್ತವೆ. ಬೆಳಕು ಸರದಿಯಂತೆ ಅತ್ತ ಒಮ್ಮೆ ಇತ್ತ ಒಮ್ಮೆ ಪ್ರತಿಫಲಿಸುವುದರ ಕಾರಣವು ಇದೇ. ಇಟಲಿಯ ಮಾಜೋರೆ ಸರೋವರದ ತೀರದ ಬವೇನೊ ಊರಿನ ಯಮಳವು ಚೌಕಾಕಾರದ ಸ್ತಂಭವಾಗಿ ಬೆಳೆದರೆ, ಜರ್ಮನಿಯ ತುರಿಂಗಿಯ ಪ್ರಾಂತದ ಮಾನೆಬಾಖ್ ಯಮಳದಲ್ಲಿ ಹರಳಿನ ತಳದ ತಲವೇ ಕನ್ನಡಿಯಾಗುತ್ತದೆ.

ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿನ ಇನ್ನೊಂದು ರೂಪವಾದ ಮೈಕ್ರೋಕ್ಲೈನಿನ ಕಥೆ ಬೇರೆ. ಹೆಚ್ಚಿನ ಉಷ್ಣತೆಯಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಪರಮಾಣುಗಳು ಚೌಕಟ್ಟಿನ ತುಂಬ ಕ್ರಮವಿಲ್ಲದೆ ಬೆರೆತಿರುತ್ತವೆ. ಭೂಗರ್ಭದಲ್ಲಿ ನಿಧಾನವಾಗಿ ತಣಿಯುವಾಗ ಅಲ್ಯೂಮಿನಿಯಂ ತನಗೆ ಮೀಸಲಾದ ಸ್ಥಾನಗಳನ್ನು ಸೇರುವುದರಿಂದ ಹರಳಿನ ಸಮಮಿತಿಯು ಕುಗ್ಗಿ, ಅದರ ಒಂದೊಂದು ಭಾಗವೂ ಒಂದೊಂದು ದಿಕ್ಕಿಗೆ ವಾಲಿಕೊಳ್ಳುತ್ತದೆ. ಅದರ ತೆಳುವಾದ ಹಲ್ಲೆಯನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿಟ್ಟರೆ, ಕಪ್ಪುಬಿಳುಪಿನ ಎರಡು ಗೆರೆಸಾಲುಗಳು ಚೌಕುಳಿ ಸೀರೆಯ ನೇಯ್ಗೆಯಂತೆ ಅಡ್ಡಹಾಯುತ್ತವೆ. ಜ್ವಾಲಾಮುಖಿಯಿಂದ ಹೊಮ್ಮಿ ಬೇಗನೆ ತಣಿದ ಸ್ಯಾನಿಡೀನಿಗೆ ಅಷ್ಟು ಅವಕಾಶವು ದೊರೆಯದಾದುದರಿಂದ, ರಾಸಾಯನಿಕವಾಗಿ ಮೈಕ್ರೋಕ್ಲೈನಿನ ಒಡಹುಟ್ಟಾದರೂ ಅದರಲ್ಲಿ ಈ ಚೌಕುಳಿಯಿಲ್ಲ.

ಪ್ಲೇಜಿಯೋಕ್ಲೇಸಿನಲ್ಲಿಯಾದರೋ ಯಮಳವು ಎರಡಕ್ಕೆ ನಿಲ್ಲದೆ, ಹಾಳೆಯ ಮೇಲೆ ಹಾಳೆಯಾಗಿ ಹಲವಾರು ಸಲ ಮರುಕಳಿಸುತ್ತದೆ. ಭೂತಗಾಜಿನಲ್ಲಿ ಅದರ ಸೀಳುಮುಖವನ್ನು ನೋಡಿದರೆ ಕಾಣುವ ಸೂಕ್ಷ್ಮವಾದ ಸಮಾಂತರ ಗೆರೆಗಳು ಆಲ್ಬೈಟ್ ಯಮಳವೆನಿಸಿದ ಈ ಕೂಟದ ಗುರುತು. ಸೂಕ್ಷ್ಮದರ್ಶಕದ ಪೀಠವನ್ನು ತಿರುಗಿಸುತ್ತ, ಈ ಪಟ್ಟಿಗಳು ಎಷ್ಟು ಕೋನದಲ್ಲಿ ಕತ್ತಲಾಗುತ್ತವೆಂಬುದನ್ನು ಅಳೆದು ಹರಳಿನ ಸೋಡಿಯಂ ಮತ್ತು ಕ್ಯಾಲ್ಸಿಯಂಗಳ ಪ್ರಮಾಣವನ್ನು ಅಂದಾಜುಮಾಡುವ ವಿಧಾನವನ್ನು 19ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಿಶೆಲ್-ಲೆವಿ ರೂಪಿಸಿದನು. ರಾಸಾಯನಿಕ ವಿಶ್ಲೇಷಣೆಯ ನೆರವಿಲ್ಲದೆ, ಬರಿಯ ಗೆರೆಗಳಿಂದಲೇ ಕಲ್ಲಿನ ಸಂಯೋಜನೆಯನ್ನು ಓದಿಕೊಳ್ಳುವ ಈ ಪಾಠವನ್ನು ಭೂವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.